ಮೇಪಲ್ ಮರದ ಸುತ್ತಳತೆ

ಆರಿನ್ ವ್ರೂಮನ್ ತೀರಿಕೊಂಡದ್ದು ಫೆಬ್ರವರಿಯಲ್ಲಿ. ಮಣ್ಣು ಮಾಡಿದ್ದು ಮೇ ತಿಂಗಳಲ್ಲಿ. ನಮ್ಮ ಶೋಹರಿ ಕಣಿವೆಯಲ್ಲಿ ಚಳಿಗಾಲದಲ್ಲಿ ಸತ್ತವರು ಕಾಯಬೇಕು. ನೆಲ ಕಲ್ಲಾಗಿರುತ್ತದೆ, ಗುದ್ದಲಿ ಇಳಿಯುವುದಿಲ್ಲ. ಸ್ಮಶಾನದ ದಿಬ್ಬದ ನೆತ್ತಿಯ ಮೇಲೆ ಒಂದು ಕಲ್ಲಿನ ಕೋಣೆಯಿದೆ. ಹಿಮ ಕರಗುವ ತನಕ ಪೆಟ್ಟಿಗೆಗಳು ಅಲ್ಲಿರುತ್ತವೆ. ಆ ಕೋಣೆಯ ಗೋಡೆಗೆ ಆತುಕೊಂಡೇ ಹುಲ್ಲು ಕತ್ತರಿಸುವ ಟ್ರ್ಯಾಕ್ಟರಿನ ಶೆಡ್ಡು. ಹಾಗಾಗಿ ಈ ವರ್ಷ ಮೂರು ತಿಂಗಳು ಆರಿನ್ ಗೋಡೆಯ ಒಂದು ಬದಿಗೆ, ಅವನ ಟ್ರ್ಯಾಕ್ಟರು ಇನ್ನೊಂದು ಬದಿಗೆ ಇದ್ದವು.

ನಾನು ಮೂವತ್ತೊಂದು ವರ್ಷ ಊರಿನ ಗ್ರಂಥಾಲಯ ನೋಡಿಕೊಂಡವಳು. ಅವನ ಮನೆ ನನ್ನ ಮನೆಯೆದುರಿಗೆ. ಸಾವಿನ ಬಗ್ಗೆ ತಿಳಿದವರು ಬರೆದ ಪುಸ್ತಕಗಳು ನನ್ನ ಕಪಾಟಿನಲ್ಲಿ ಬೇಕಾದಷ್ಟಿವೆ, ಫೆಬ್ರವರಿಯಿಂದ ಒಂದನ್ನೂ ಕೈಗೆತ್ತಿಕೊಂಡಿಲ್ಲ. ಅವನು ಹೇಗಿದ್ದ ಎಂಬುದನ್ನು ಬರೆದಿಡುತ್ತೇನೆ. ನಾನು ಅವನಿಂದ ಮುಚ್ಚಿಟ್ಟ ಒಂದು ವಿಷಯವಿದೆ, ಅದನ್ನೂ ಬರೆಯುತ್ತೇನೆ.

ಆರಿನ್ ಪುಕ್ಕಲ. ಅವನೇ ಹಾಗೆ ಹೇಳಿಕೊಳ್ಳುತ್ತಿದ್ದ. ಗುಡುಗು ಶುರುವಾದರೆ ತನ್ನ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು, ರಸ್ತೆ ದಾಟಿ ಬಂದು ನನ್ನ ಮನೆಯವನ್ನೂ ಕೀಳುತ್ತಿದ್ದ. ಜೇಬಿನಲ್ಲಿ ಎರಡು ಟಾರ್ಚು. ಹೆಪ್ಪುಗಟ್ಟಿದ ಕೆರೆಯ ಮೇಲೆ ಊರಿಗೆ ಊರೇ ಜಾರಾಡುವಾಗ ಇವನು ದಡದಲ್ಲಿ ಏಣಿ ಹಿಡಿದು ನಿಂತಿರುತ್ತಿದ್ದ, ಯಾರಾದರೂ ಒಳಗೆ ಬಿದ್ದರೆ ಬೇಕಾದೀತೆಂದು. ಒಬ್ಬರೂ ಬೀಳಲಿಲ್ಲ. ಏಣಿಯನ್ನು ಮಾತ್ರ ಪ್ರತಿ ವರ್ಷ ಹೊತ್ತು ತಂದ.

ಇಪ್ಪತ್ತೆರಡರ ವಯಸ್ಸಿನಲ್ಲಿ ಸ್ಕೆನೆಕ್ಟಡಿಯ ದೊಡ್ಡ ಕಾರ್ಖಾನೆಗೆ ಸೇರಿದ. ಆಗ ಅಲ್ಲಿ ಬ್ಯಾಟರಿಯಿಂದ ಓಡುವ ಹುಲ್ಲಿನ ಟ್ರ್ಯಾಕ್ಟರುಗಳನ್ನು ಮಾಡುತ್ತಿದ್ದರು. ಕೆಲವೇ ವರ್ಷ ನಡೆದ ಕೆಲಸ. ಆರಿನ್ ಬ್ರೇಕು ಪರೀಕ್ಷೆ ಮಾಡುವವನು. ಕೆಲಸ ನಿಂತಾಗ ಒಂದು ಗಾಡಿ ಕೊಂಡುಕೊಂಡ. ಕಿತ್ತಳೆ ಬಣ್ಣ, ಒಳಗೆ ಆರು ಸೀಸದ ಬ್ಯಾಟರಿ, ಒಂದೊಂದೂ ಮೂವತ್ತು ಕಿಲೋ. ಅವನು ಊರಿನ ಸ್ಮಶಾನದ ಹುಲ್ಲು ಕತ್ತರಿಸಿದ್ದೆಲ್ಲ ಅದರಲ್ಲೇ. ಗೋರಿಯ ಮುಂದೆ ಅಳುತ್ತ ಕೂತವರಿಗೆ ಬೆನ್ನ ಹಿಂದೆ ಗಾಡಿ ಹಾದುಹೋದದ್ದು ಗೊತ್ತೇ ಆಗುತ್ತಿರಲಿಲ್ಲ, ಅಷ್ಟು ಮೆತ್ತಗಿನ ಸದ್ದು.

ದಿಬ್ಬದ ಪೂರ್ವದ ಬದಿ ಕಡಿದಾದ ಇಳಿಜಾರು. ಅದರ ಬುಡದಲ್ಲಿ ಆರಡಿ ಸಮತಟ್ಟು, ಅಲ್ಲಿ ಕೊನೆಯ ಸಾಲಿನ ಗೋರಿಗಳು. ಅದರಾಚೆ ಮೊದಲು ಬೇಲಿಯಿತ್ತು, ಬೇಲಿಯಾಚೆ ಇನ್ನಷ್ಟು ನೆಲವಿತ್ತು. ದೊಡ್ಡ ಪ್ರವಾಹದ ವರ್ಷ ಹೊಳೆ ಎರಡನ್ನೂ ತಿಂದುಹಾಕಿತು. ಈಗ ಸಮತಟ್ಟು ಮುಗಿದ ಕಡೆ ಮೂವತ್ತಡಿ ಕೆಳಗೆ ಕಲ್ಲು, ನೀರು. ಕೊನೆಯ ಸಾಲಿನಲ್ಲಿ ಆರಿನ್‌ನ ಅಣ್ಣ ಕ್ಲೇಟನ್ ಇದ್ದಾನೆ. ವಿಯೆಟ್ನಾಮಿನಿಂದ ಪೆಟ್ಟಿಗೆಯಲ್ಲಿ ಬಂದವನು, ಹತ್ತೊಂಬತ್ತು ವರ್ಷ. ಮೇ ತಿಂಗಳ ಕೊನೆಯ ಸೋಮವಾರ ಸೈನಿಕರ ಗೋರಿಗಳಿಗೆ ಬಾವುಟ ನೆಡುತ್ತೇವೆ. ಅಷ್ಟರೊಳಗೆ ಆ ಸಾಲಿನ ಹುಲ್ಲು ಕತ್ತರಿಸಿರಬೇಕು. ಜಗತ್ತಿನ ಎಲ್ಲದಕ್ಕೂ ಹೆದರುತ್ತಿದ್ದ ಮನುಷ್ಯ ಆ ಇಳಿಜಾರನ್ನು ಮಾತ್ರ ನಲವತ್ತು ಚಿಲ್ಲರೆ ವರ್ಷ ಇಳಿದ.

ಹೋದ ವರ್ಷದ ಹಿಂದಿನ ಶರತ್ಕಾಲದಲ್ಲಿ ಅವನ ಹೃದಯದ ರಕ್ತನಾಳಕ್ಕೆ ಸಣ್ಣ ಕೊಳವೆ ಹಾಕಿದರು. ಭಾರ ಎತ್ತಕೂಡದು ಎಂದರು. ಅದೇ ಸಮಯಕ್ಕೆ ಸೀಸದ ಬ್ಯಾಟರಿಗಳೂ ಸತ್ತವು. ಲಿಥಿಯಂ ಹಾಕು ಎಂದು ಹೇಳಿದವಳು ನಾನು. ಎಲ್ಲೋ ಓದಿದ್ದೆ. ಹನ್ನೆರಡು ನೀಲಿ ಡಬ್ಬಿಗಳು, ಎಲ್ಲ ಸೇರಿದರೂ ಹಳೆಯ ಒಂದು ಬ್ಯಾಟರಿಯಷ್ಟೇ ತೂಕ.

"ಅದು ಹೊತ್ತಿಕೊಳ್ಳತ್ತೆ ಲೋರ್ನಾ" ಎಂದ.

"ಈ ಜಾತೀದು ಹೊತ್ತಿಕೊಳ್ಳೋದು ಬಹಳ ಕಮ್ಮಿ ಅಂತೆ."

"ಕಮ್ಮಿ ಅಂದ್ರೆ ಎಷ್ಟು?"

ಡಬ್ಬಿಗಳು ಬಂದಾಗ ಅವನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಅವನ ತಾಯಿಯ ಕಾಲದ ಎರಕದ ಕಬ್ಬಿಣದ ಸ್ನಾನದ ತೊಟ್ಟಿಯೊಂದು ದನಗಳಿಗೆ ನೀರಿಡಲು ಹೊಲದ ನಡುವೆ ಬಿದ್ದಿತ್ತು. ಅದನ್ನು ಒರೆಸಿ, ಡಬ್ಬಿಗಳನ್ನು ಅದರಲ್ಲಿಟ್ಟು, ತಗಡು ಮುಚ್ಚಿ, ಇಡೀ ಚಳಿಗಾಲ ಅಲ್ಲೇ ಬಿಟ್ಟ. ದಿನಾ ಬೆಳಿಗ್ಗೆ ಹಿಮ ತುಳಿದು ಹೋಗಿ ತಗಡಿಗೆ ಅಂಗೈ ತಾಗಿಸಿ ಬರುತ್ತಿದ್ದ, ಬಿಸಿಯಿದೆಯೇ ಎಂದು.

ಸ್ಟ್ಯಾಶ್ ವೊಯ್ಚಿಕ್ ಬಂದು ಅದನ್ನು ನೋಡಿದ. ಕಾರ್ಖಾನೆಯಲ್ಲಿ ಆರಿನ್‌ನ ಪಕ್ಕ ನಿಂತು ಕೆಲಸ ಮಾಡಿದವನು, ಕೆಳಗಿನ ಮಿಲ್ಲಿನೂರಿನ ಪೋಲಿಷ್ ಮನೆತನದವನು. ಬರುವಾಗಲೆಲ್ಲ ಕಾಗದದಲ್ಲಿ ಸುತ್ತಿದ ಕೀಲ್ಬಾಸಾ ಎಂಬ ಮಾಂಸದ ಸಾಸೇಜು ತರುತ್ತಾನೆ, ಹೋಗುವಾಗ ಅರ್ಧ ತಾನೇ ತಿಂದಿರುತ್ತಾನೆ.

"ಏನಲೇ ಮುದುಕಾ, ಬ್ಯಾಟ್ರಿಗೆ ಎಣ್ಣೆ ಸ್ನಾನ ಮಾಡಿಸ್ತಿದ್ದೀಯಾ? ಬಾಣಂತಿ ಕೋಣೆ ಎಲ್ಲಿ?"

"ನಗು, ನಗು. ನಿನ್ನ ಹಿತ್ತಲಲ್ಲಿ ಇಡ್ತೀನಿ, ತಗೊಂಡು ಹೋಗ್ತೀಯಾ?"

"ನನ್ನ ಹಿತ್ತಲಲ್ಲಿ ನನ್ನ ಹೆಂಡ್ತಿ ಇದಾಳೆ. ಒಂದು ಹೊತ್ತಿಕೊಳ್ಳೋದು ಸಾಕು."

ವಸಂತ ಬಂದ ಮೇಲೆ ಡಬ್ಬಿಗಳನ್ನು ಗಾಡಿಗೆ ಕೂರಿಸಿದ. ಎರಡು ವಾರ ಹಿಡಿಯಿತು. ಅವುಗಳ ಮೇಲೆ ಅಂಗೈಯಗಲದ ಒಂದು ಕಾವಲು ಸರ್ಕ್ಯೂಟು. ತುಂಬಿ ತುಳುಕಿದರೂ ಬರಿದಾದರೂ ತಾನಾಗಿ ಕರೆಂಟಿನ ಬಾಗಿಲು ಹಾಕುವಂಥದ್ದು. ಅದನ್ನು ನೋಡಿದ ಮೇಲೆ ಆರಿನ್‌ಗೆ ಹೊಸ ಹೆದರಿಕೆ ಹತ್ತಿತು. ಸೀಸದ ಬ್ಯಾಟರಿ ಸುಸ್ತಾಗುವುದು ಕಾಲಿಗೆ ತಿಳಿಯುತ್ತಿತ್ತು, ಗಾಡಿ ನಿಧಾನವಾಗುತ್ತಿತ್ತು. ಇದು ಹೇಳದೆ ಕೇಳದೆ ನಿಂತುಬಿಡುತ್ತದೆ. ಇಳಿಜಾರಿನ ನಡುವೆ ಖಾಲಿಯಾದರೆ? ಆದ್ದರಿಂದ ಹಿಂದಿನ ದಿನ ಪೂರ್ತಿ ತುಂಬಿಸಿದ. ಬೆಳಿಗ್ಗೆ ಎದ್ದು, ರಾತ್ರಿ ಎಲ್ಲಿ ಒಂದು ಹನಿ ಸೋರಿತೋ ಎಂದು, ಇನ್ನೊಮ್ಮೆ ತುಂಬಿಸಿದ. ಕಂಠಪೂರ್ತಿ.

ನಾನು ದಿಬ್ಬದ ಮೇಲೆ ಕಾಫಿ ಫ್ಲಾಸ್ಕು ಹಿಡಿದು ನಿಂತಿದ್ದೆ. ಹುಲ್ಲಿನ ಮೇಲೆ ಇಬ್ಬನಿಯಿತ್ತು. ಶೆಡ್ಡಿನಿಂದ ಹೊರಟವನು ನೇರವಾಗಿ ಇಳಿಜಾರಿಗೆ ತಿರುಗಿದ. ಅಡ್ಡಡ್ಡ ಓಡಿಸಿದರೆ ಮಗುಚುತ್ತದೆ, ಯಾವತ್ತೂ ಮೇಲಿನಿಂದ ಕೆಳಗೆ. ಅಲಗುಗಳ ಗುಂಯ್ಗುಟ್ಟುವಿಕೆ ಕೇಳುತ್ತಿತ್ತು. ಹತ್ತು ಹನ್ನೆರಡು ಅಡಿ ಹೋಗಿರಬಹುದು, ಸದ್ದು ನಿಂತಿತು.

ಸದ್ದು ನಿಂತರೆ ಗಾಡಿಯೂ ನಿಂತಿರಬೇಕು ಎಂದು ಕಿವಿ ಹೇಳಿತು. ಕಣ್ಣಿಗೆ ಬೇರೆಯೇ ಕಾಣುತ್ತಿತ್ತು. ಗಾಡಿ ಓಡುತ್ತಿತ್ತು. ಸದ್ದಿಲ್ಲದೆ, ಹಿಂದೆಂದೂ ಓಡದ ವೇಗದಲ್ಲಿ. ಆರಿನ್ ಎದ್ದು ನಿಂತು ಇಡೀ ಮೈಭಾರವನ್ನು ಬ್ರೇಕಿನ ಮೇಲೆ ಹಾಕಿದ. ಚಕ್ರಗಳು ಕಚ್ಚಿದವು, ಆದರೆ ಒದ್ದೆ ಹುಲ್ಲಿನ ಮೇಲೆ ಹಾಗೆಯೇ ಜಾರಿದವು. ಹಿಡಿದು ಕೂರಿಸಲು ಈಗ ಸೀಸದ ಭಾರವೂ ಇರಲಿಲ್ಲ. ಕೊನೆಗಳಿಗೆಯಲ್ಲಿ ಸ್ಟಿಯರಿಂಗು ಗಕ್ಕನೆ ತಿರುಗಿಸಿ, ಒಂದು ದಪ್ಪ ಗೋರಿಕಲ್ಲಿಗೆ ಗುದ್ದಿಸಿದ. ಕಲ್ಲು ವಾಲಿತು, ಬೀಳಲಿಲ್ಲ. ಅಲ್ಲಿಂದ ಅಂಚಿಗೆ ಒಂಬತ್ತು ಅಡಿ. ಆಮೇಲೆ ಅಳೆದವನು ಸ್ಟ್ಯಾಶ್.

"ಇದು ಪಾದ್ರಿ ಬೆಕರ್‌ನ ಕಲ್ಲು ಕಣೋ. ಬದುಕಿರೋವಾಗ ಒಬ್ಬನ್ನೂ ಉದ್ಧಾರ ಮಾಡಿರಲಿಲ್ವಂತೆ. ನೀನೇ ಮೊದಲನೆಯವನು" ಎಂದ ಸ್ಟ್ಯಾಶ್. ಆಮೇಲೆ ಆ ಒಂಬತ್ತು ಅಡಿಯನ್ನು ಇನ್ನೊಮ್ಮೆ ಅಳೆದ.

ಸ್ಮಶಾನ ಸಮಿತಿಯವರು ಕೆಳಗಿನ ಸಾಲನ್ನು ಇನ್ನು ಬಿಟ್ಟುಬಿಡೋಣ, ಕಾಡುಹೂ ಬೆಳೆಯಲಿ ಎಂದರು. ಆರಿನ್ ನಾಲ್ಕು ದಿನ ಮನೆಯಿಂದ ಹೊರಬೀಳಲಿಲ್ಲ. ಐದನೆಯ ದಿನ ನನ್ನ ಅಡುಗೆಮನೆಗೆ ಬಂದು ಕೂತ.

"ಸಿಕ್ತು" ಎಂದ. "ಇಳಿಜಾರಲ್ಲಿ ನಮ್ಮ ಗಾಡೀನ ಬ್ರೇಕಿಗಿಂತ ಜಾಸ್ತಿ ಹಿಡಿಯೋದು ಮೋಟಾರು. ಚಕ್ರ ಮೋಟಾರನ್ನ ತಿರುಗಿಸತ್ತೆ, ಮೋಟಾರು ಕರೆಂಟನ್ನ ಬ್ಯಾಟ್ರಿಗೆ ವಾಪಸ್ ದೂಡತ್ತೆ. ಆ ದೂಡೋ ಕಷ್ಟದಲ್ಲೇ ಗಾಡಿ ನಿಧಾನ ಆಗೋದು. ಸೀಸ ಎಷ್ಟು ದೂಡಿದ್ರೂ ನುಂಗ್ಕೊಳ್ತಿತ್ತು. ಇದು ಕಂಠದ ತನಕ ತಿಂದು ಕೂತಿತ್ತು. ಇನ್ನೊಂದು ತುತ್ತು ಬಂತು, ಕಾವಲಿನೋನು ಬಾಗಿಲು ಹಾಕ್ದ. ಅಷ್ಟೇ. ಆಮೇಲೆ ನನ್ನ ಕೆಳಗೆ ಇದ್ದಿದ್ದು ಬರೀ ತಳ್ಳುಗಾಡಿ."

"ಅಂದ್ರೆ ಪೂರ್ತಿ ತುಂಬಿಸದೆ ಇದ್ರೆ..."

"ಹಿಡಿಯತ್ತೆ. ಮುಕ್ಕಾಲು ತುಂಬಿಸಬೇಕು." ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿ ಮಾಡಿದ. "ಹೆದರಿಕೊಂಡು ತುಂಬಿಸ್ದೆ ಲೋರ್ನಾ. ಕಾರ್ಖಾನೇಲಿ ಬ್ರೇಕು ನೋಡೋದೇ ನನ್ನ ಕೆಲಸ ಆಗಿತ್ತು."

ಹಿಡಿಯುತ್ತದೆ ಎಂದು ಗೊತ್ತಾಗಬೇಕಾದರೆ ಮತ್ತೆ ಇಳಿಯಬೇಕು. ಬಾವುಟದ ಸೋಮವಾರಕ್ಕೆ ಮೂರು ದಿನವಿತ್ತು. ನೂರಡಿ ಉದ್ದದ ಹಗ್ಗ ತಂದ. ಒಂದು ತುದಿ ಗಾಡಿಯ ಹಿಂದಕ್ಕೆ. ಹಗ್ಗವನ್ನು ಇಳಿಜಾರಿನ ನೆತ್ತಿಯ ಮೇಪಲ್ ಮರಕ್ಕೆ ಎರಡು ಸುತ್ತು ಸುತ್ತಿ, ಉಳಿದದ್ದನ್ನು ನನ್ನ ಕೈಗೆ ಕೊಟ್ಟ. ಗಾಡಿ ಹೋದಂತೆ ನಾನು ಬಿಡುತ್ತ ಹೋಗಬೇಕು. ಓಡಿದರೆ ಬಿಗಿಹಿಡಿಯಬೇಕು, ಮರ ತಡೆಯುತ್ತದೆ. ಸ್ಟ್ಯಾಶ್‌ನನ್ನು ಕರೆಯೋಣ ಎಂದೆ. ಅವನ ಮಂಡಿ ಕೆಟ್ಟಿದೆ, ಬಾಯಿ ಅದಕ್ಕಿಂತ ಕೆಟ್ಟಿದೆ, ಬೇಡ ಎಂದ.

"ಒಂದು ಮಾತು. ಓಡದೆ ಇರೋವಾಗ ಎಳೀಬೇಡ. ಸುಮ್ನೆ ಜಗ್ಗಿದ್ರೆ ಹಿಂದುಗಡೆ ಪಕ್ಕಕ್ಕೆ ತಿರುಗಿ ಮಗುಚತ್ತೆ. ಕೂಗಲೂ ಬೇಡ, ನಾನು ತಿರುಗಿ ನೋಡಿಬಿಡ್ತೀನಿ."

ಹೊರಟ. ಅವನ ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿ ಅಂಟಿಕೊಂಡಿತ್ತು. ಹತ್ತು ಅಡಿ. ಸದ್ದು ಇತ್ತು. ಹಗ್ಗ ನನ್ನ ಅಂಗೈಯಿಂದ ಜಾರಿ ಮರ ಸುತ್ತಿ ಹುಲ್ಲಿನ ಮೇಲೆ ಸಡಿಲವಾಗಿ ಹೋಗುತ್ತಿತ್ತು. ಆ ಸಡಿಲವೇ ನನಗೆ ಬೇಕಾದದ್ದು. ಅದು ಯಾವ ಕ್ಷಣ ಬಿಗಿಯಾಗುತ್ತದೋ ಎಂದು ಕೈಯಲ್ಲೇ ಜೀವ ಹಿಡಿದುಕೊಂಡಿದ್ದೆ. ಪಾದ್ರಿಯ ಕಲ್ಲು ಹತ್ತಿರ ಬಂತು. ಆಗ ಕಾಲ ಬಳಿ ನೋಡಿದೆ. ಹಗ್ಗ ಮುಗಿಯುತ್ತಿತ್ತು.

ಇಳಿಜಾರು ತೊಂಬತ್ತಡಿ ಎಂದು ಅವನು ಮೂರು ಸಲ ಅಳೆದಿದ್ದ. ಹಗ್ಗವನ್ನೂ ಅಳೆದಿದ್ದ. ಎರಡು ಸುತ್ತಿನಲ್ಲಿ ಆ ಮುದಿ ಮರ ಎಷ್ಟು ಅಡಿ ನುಂಗುತ್ತದೆ ಎಂಬುದನ್ನು ಇಬ್ಬರೂ ಲೆಕ್ಕ ಹಿಡಿದಿರಲಿಲ್ಲ.

ನಾಲ್ಕು ಮೊಳ ಉಳಿಯಿತು. ಎರಡು. ತುದಿ ನನ್ನ ಮುಷ್ಟಿಯಲ್ಲಿತ್ತು. ಹಿಡಿದರೆ ಗಾಡಿಗೆ ಜಗ್ಗು, ಅವನು ಮಗುಚುತ್ತಾನೆ. ಕೂಗಿದರೆ ತಿರುಗುತ್ತಾನೆ, ಆ ಎದೆಯ ಗತಿಯೇನು? ನಾನು ಮುಷ್ಟಿ ಬಿಚ್ಚಿದೆ. ತುದಿ ಮರವನ್ನು ಸುತ್ತಿಹೋಗಿ ಹುಲ್ಲಿನೊಳಗೆ ಸರಿಯಿತು. ಅಂಚಿಗೆ ತೀರ ಹತ್ತಿರದ ಆ ಕೊನೆಯ ಹತ್ತಡಿಯನ್ನು, ಬೆನ್ನ ಹಿಂದೆ ನಾನು ಹಿಡಿದಿದ್ದೇನೆ ಎಂದು ನಂಬಿ, ಅವನು ಒಬ್ಬನೇ ಹೋದ.

ಮೋಟಾರು ಹಿಡಿಯಿತು. ಸಮತಟ್ಟಿನಲ್ಲಿ ನಿಂತು ಕೈ ಎತ್ತಿದ. ನಾನೂ ಎತ್ತಿದೆ. ಬರಿಗೈ.

ಅವನು ಮೇಲೆ ಬಂದಾಗ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದ. "ಹಿಡೀತು" ಎಂದ. "ಹೂಂ" ಎಂದೆ. ಇಬ್ಬರೂ ಕಾಫಿ ಕುಡಿದೆವು. ಸೋಮವಾರ ಕ್ಲೇಟನ್‌ನ ಗೋರಿಗೆ ಬಾವುಟ ನೆಟ್ಟೆವು. ಆಮೇಲೆ ಬೇಸಿಗೆಯೆಲ್ಲ ಹಗ್ಗವಿಲ್ಲದೆ ಇಳಿದ. ನಾನು ಮನೆಯ ಕಿಟಕಿಯಲ್ಲಿ ನಿಂತು ಆ ಗುಂಯ್ ಸದ್ದಿಗೆ ಕಿವಿಗೊಡುತ್ತಿದ್ದೆ, ಗಾಳಿ ಜೋರಾಗಿ ಕೇಳಿಸದಿದ್ದರೆ ಬಾಗಿಲು ತೆಗೆದು ರಸ್ತೆಗೆ ಬರುತ್ತಿದ್ದೆ. ಹೇಳಬೇಕು ಹೇಳಬೇಕು ಎಂದು ಒಂಬತ್ತು ತಿಂಗಳು ಹೇಳಲಿಲ್ಲ. ಫೆಬ್ರವರಿಯ ಒಂದು ಮಧ್ಯಾಹ್ನ ಅವನ ಚಿಮಣಿಯಲ್ಲಿ ಹೊಗೆ ಕಾಣದೆ ಹೋಗಿ ನೋಡಿದೆ. ಕುರ್ಚಿಯಲ್ಲಿದ್ದ, ಬೂಟಿನ ದಾರ ಅರ್ಧ ಕಟ್ಟಿತ್ತು.

ಅವನ ಜಾಗ ಕ್ಲೇಟನ್‌ನ ಪಕ್ಕ, ಕೊನೆಯ ಸಾಲಿನಲ್ಲಿ. ಮೇ ತಿಂಗಳ ಹೊತ್ತಿಗೆ ಅಲ್ಲಿ ಹುಲ್ಲು ಮೊಣಕಾಲುದ್ದ. ಪೆಟ್ಟಿಗೆ ಹೊರುವವರಿಗೆ ಅಂಚು ಕಾಣುವುದಿಲ್ಲ, ಕತ್ತರಿಸದಿದ್ದರೆ ಮೇಲಿನ ಬೇರೆ ಜಾಗದಲ್ಲಿ ಮಣ್ಣು ಮಾಡುತ್ತೇವೆ ಎಂದರು ಸಮಿತಿಯವರು. ನಾನು ಕತ್ತರಿಸುತ್ತೇನೆ ಎಂದೆ. ಹೇಳಿದ ಮೇಲೆ ಮನೆಗೆ ಬಂದು ಸ್ಟ್ಯಾಶ್‌ಗೆ ಫೋನ್ ಮಾಡಿದೆ.

ಶುಕ್ರವಾರ ಸ್ಟ್ಯಾಶ್ ಜೊತೆ ಶೆಡ್ಡು ತೆರೆದೆ. ಬ್ಯಾಟರಿ ಮುಕ್ಕಾಲಿಗೆ ನಿಂತಿತ್ತು. ಗೋಡೆಯ ಮೊಳೆಗೆ ಹೊಸ ಹಗ್ಗವೊಂದು ತೂಗುತ್ತಿತ್ತು, ಅಂಗಡಿಯ ರಟ್ಟಿನ ಚೀಟಿಯೂ ಬಿಚ್ಚಿರಲಿಲ್ಲ. ನೂರೈವತ್ತು ಅಡಿ. ಚೀಟಿಯ ಹಿಂದೆ ಆರಿನ್‌ನ ಅಕ್ಷರ: 'ಲೋರ್ನಾಗೆ. ಮೇಪಲ್ ಸುತ್ತಳತೆ ಸೇರಿಸಿದ್ದೇನೆ.'

"ಏನಿದು ಒಗಟು?" ಎಂದ ಸ್ಟ್ಯಾಶ್.

ಅಂದು ಕೆಳಗೆ ನಿಂತು ಹಗ್ಗ ಸುತ್ತಿಕೊಂಡವನು ಆರಿನ್ ಅಲ್ಲವೇ? ಬಿಟ್ಟ ತುದಿ ಅವನ ಕೈಗೆ ಸಿಗದೆ ಇನ್ನೆಲ್ಲಿ ಹೋದೀತು? ಆವತ್ತೇ ಗೊತ್ತಿತ್ತು. ಕಾಫಿ ಕುಡಿಯುವಾಗಲೂ ಗೊತ್ತಿತ್ತು. ಸ್ಟ್ಯಾಶ್‌ಗೆ ಎಲ್ಲ ಹೇಳಿದೆ. ಅವನು ಮೊದಲ ಬಾರಿಗೆ ತಮಾಷೆ ಮಾಡಲಿಲ್ಲ. ಹೋಗಿ ಹಗ್ಗವನ್ನು ಮರಕ್ಕೆ ಮೂರು ಸುತ್ತು ಸುತ್ತಿದ.

"ಗಾಡಿ ಹತ್ತು, ಪುಸ್ತಕದಮ್ಮಾ. ನಾನು ಸತ್ರೂ ಬಿಡಲ್ಲ."

"ನೀನು ಸತ್ರೆ ಹಿಡಿಯೋರು ಯಾರೋ?"

"ಅದಕ್ಕೇ ಮೂರು ಸುತ್ತು."

ಹತ್ತಿ ಕೂತೆ. ಇಳಿಜಾರಿನ ತುದಿಗೆ ಬಂದಾಗ ಮುಂದಿನ ಚಕ್ರಗಳ ಕೆಳಗೆ ನೆಲವೇ ಕಾಣಲಿಲ್ಲ, ಬರೀ ಹೊಳೆಯಾಚೆಯ ಮರಗಳು. ಇಳಿದೆ. ಅಲಗಿನ ಸದ್ದಿಗೆ ಕಿವಿಯನ್ನು ಕಟ್ಟಿಹಾಕಿದ್ದೆ. ಪಾದ್ರಿಯ ಕಲ್ಲಿನ ಬಳಿ ಗಾಡಿ ಒಂದು ಸಲ ಜಗ್ಗಿದಂತಾಯಿತು, ನನ್ನ ಬಾಯಿಂದ ಏನೋ ಸದ್ದು ಬಂತು. ಮೋಟಾರು ಬಿಡಲಿಲ್ಲ. ಸಮತಟ್ಟು ಬಂತು. ಕ್ಲೇಟನ್‌ನ ಕಲ್ಲು, ಅದರ ಪಕ್ಕ ಜಾಗ ಗುರುತು ಮಾಡಿದ ನಾಲ್ಕು ಗೂಟ, ಅದರಾಚೆ ಬರೀ ಗಾಳಿ.

ನಿಲ್ಲಿಸಿದೆ. ಬ್ರೇಕಿನಿಂದ ಕಾಲು ತೆಗೆಯಲು ಆಗಲಿಲ್ಲ.

"ಇಳಿದಾಯ್ತಲ್ಲಮ್ಮಾ, ಇನ್ನು ಹತ್ತಿ ಬಾ!" ಮೇಲಿಂದ ಸ್ಟ್ಯಾಶ್ ಕೂಗಿದ.

ತಿರುಗಿ ನೋಡಿದೆ. ಅವನ ಕಾಲ ಬಳಿ ಹಗ್ಗ ಇನ್ನೂ ಬೇಕಾದಷ್ಟು ಸುರುಳಿಯಾಗಿ ಬಿದ್ದಿತ್ತು.