ಬಿಳಿ ಬೆನ್ನಿನ ಮೇಲೆ ಬೂದು ಪಟ್ಟೆ

ಬೆಳಕು ಹರಿಯುವ ಮೊದಲು ದೊಡ್ಡವಳು ಮಾಡಿ ಮುಗಿಸಬೇಕಾದ ಕೆಲಸಗಳು ಇವು. ಒಲೆಯ ಬೂದಿ ತೆಗೆದು ಸೌದೆ ಒಟ್ಟುವುದು. ಇಟ್ಟಿಗೆಗಳನ್ನು ಕೆಂಡದ ಮೇಲೆ ಕಾಯಿಸಿ, ಗೋಣಿತಾಟಿನಲ್ಲಿ ಸುತ್ತಿ, ಹಿತ್ತಲಿನ ಮೊಲದ ಕೊಟ್ಟಿಗೆಗೆ ಹೊತ್ತು, ಮರಿ ಹಾಕಿದ ಒಂದೊಂದು ತಾಯಿಮೊಲದ ಗೂಡಿನ ಅಡಿಗೂ ಸೇರಿಸುವುದು. ಆರಿಹೋದ ಇಟ್ಟಿಗೆಗಳನ್ನು ವಾಪಸ್ಸು ತಂದು ಮತ್ತೆ ಕಾಯಲು ಇಡುವುದು. ಬಟ್ಟಲುಗಳಲ್ಲಿ ನೀರಿನ ಮೇಲೆ ಕಟ್ಟಿದ ತೆಳು ಮಂಜುಗಡ್ಡೆ ಒಡೆಯುವುದು, ಹಿಕ್ಕೆ ಗುಡಿಸುವುದು, ಹುಲ್ಲು ಹಾಕುವುದು. ಅತ್ತೆಯ ಮಂಡಿಗೆ ಬಿಸಿನೀರು, ಗಂಡನ ಮುಖಕ್ಕೆ ಉಗುರುಬೆಚ್ಚಗಿನ ನೀರು, ಮೈದುನನಿಗೆ ಟೀ. ಮೈದುನ ಎಷ್ಟು ಹೊತ್ತಿಗೆ ಏಳುತ್ತಾನೆಂದು ಅವನಿಗೇ ಗೊತ್ತಿರುತ್ತಿರಲಿಲ್ಲವಾದ್ದರಿಂದ ಟೀ ಯಾವಾಗಲೂ ಬಿಸಿಯಾಗಿಯೇ ಇರಬೇಕು. ಅಷ್ಟರಲ್ಲಿ ಗೂಡಿನ ಇಟ್ಟಿಗೆಗಳು ಆರಿರುತ್ತವೆ. ಬೆಳಗಾಗುವ ಮುಂಚಿನ ಆ ಗಳಿಗೆಯಲ್ಲೇ ಚಳಿ ಕಚ್ಚುವುದು. ಆಗ ಎರಡನೆಯ ಸುತ್ತು ಹೊರಬೇಕು. ಕರೆಂಟಿನ ಹೀಟರಿಗೆ ಮೊಲ ಹೆದರುತ್ತದೆ ಎಂದು ಗಂಡ ಹೇಳುತ್ತಿದ್ದ. ಹೆಂಡತಿಗೆ ಇಟ್ಟಿಗೆ ಭಾರವಾಗುತ್ತದೆ ಎಂದು ಮಾತ್ರ ಅವನಿಗೆ ಎಂದೂ ಹೊಳೆದಿರಲಿಲ್ಲ.

ಈಚೆಗೆ ಇವೆಲ್ಲದರ ನಡುವೆ ಇನ್ನೊಂದು ಕೆಲಸ ಸೇರಿಕೊಂಡಿತ್ತು. ಮೊದಲ ಸುತ್ತಿನ ಇಟ್ಟಿಗೆ ಇಟ್ಟ ಕೂಡಲೇ ಅವಳು ಹಿತ್ತಲ ಬಾಗಿಲಿನಿಂದ ಜಾರಿ, ಎರಡು ಓಣಿ ದಾಟಿ, ಮುಚ್ಚಿಹೋದ ಇಸ್ತ್ರಿ ಅಂಗಡಿಯ ಮಹಡಿ ಹತ್ತುತ್ತಿದ್ದಳು. ಅಲ್ಲಿನ ಕೋಣೆಗೆ ಹೊರಗಿನಿಂದ ಬೀಗ. ಬೀಗದ ಕೈ ಅವಳ ಕೊರಳ ದಾರದಲ್ಲಿ, ರವಿಕೆಯ ಒಳಗೆ. ಒಳಗೆ ಅವಳ ತಂಗಿ.

ಅಕ್ಕತಂಗಿಯರಿಬ್ಬರನ್ನೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಅಂದಿನಿಂದ ಇವಳು ದೊಡ್ಡವಳು, ಅವಳು ಚಿಕ್ಕವಳು. ಸ್ವಂತ ಹೆಸರು ಹಿಡಿದು ಕರೆಯುವವರು ಆ ಮನೆಯಲ್ಲಿ ಇರಲಿಲ್ಲ. ಒಂದು ಸಂಜೆ ಮೈದುನ ಚಿಕ್ಕವಳ ಕೈಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲು ಎಳೆದಿದ್ದ. ಅವಳು ಜೋತುಬಿದ್ದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಸ್ತ್ರಿ ಮಾಡುವ ಹೆಂಗಸಿನ ಬಳಿಗೆ ಓಡಿದ್ದಳು. ಆ ಹೆಂಗಸು ಮೂಳೆ ಕೂರಿಸುವವಳನ್ನು ಕರೆಸಿ ಪಟ್ಟಿ ಹಾಕಿಸಿ, ತನ್ನ ಹಳೆಯ ಅಂಗಡಿಯ ಮಹಡಿಯಲ್ಲಿ ಅವಳನ್ನು ಬಚ್ಚಿಟ್ಟು, ಬೀಗದ ಕೈಯನ್ನು ದೊಡ್ಡವಳ ಅಂಗೈಗೆ ಒತ್ತಿ ಹೇಳಿದ್ದು ಇಷ್ಟೇ: "ಹೊರಗೆ ಬೀಗ ಕಂಡ್ರೆ ಯಾರೂ ಬಾಗಿಲು ತಟ್ಟಲ್ಲ. ಕೈ ಕೂಡಿಕೊಳ್ಳಲಿ. ಆಮೇಲೆ ಮೊದಲ್ನೇ ಬಸ್ಸಿಗೆ ಹತ್ಸಿಬಿಡು, ನಮ್ಮಕ್ಕನ ಮನೇಲಿ ಇರ್ಲಿ."

ಮನೆಯಲ್ಲಿ ಮೈದುನ ಹೇಳಿದ ಕತೆ ಬೇರೆ. ಹೆಂಡತಿ ಹೇಳದೆ ಕೇಳದೆ ಓಡಿಹೋದಳು, ಅಷ್ಟೇ. ಕೈಯ ಸುದ್ದಿ ಅವನ ಬಾಯಿಂದ ಬರಲೇ ಇಲ್ಲ. ಹಗಲೆಲ್ಲ ಅವನು ಇಸ್ತ್ರಿ ಅಂಗಡಿಯ ಎದುರಿನ ಟೀ ಅಂಗಡಿಯಲ್ಲೇ ಕೂತು, ಬರುವವರು ಹೋಗುವವರನ್ನು ಅಳೆಯುತ್ತಿದ್ದ. ಎದುರು ಮಹಡಿಯ ಕಿಟಕಿಯ ಹಿಂದೆ ಹೆಂಡತಿ ಉಸಿರು ಬಿಗಿಹಿಡಿದು ಕೂತಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ.

ದೊಡ್ಡವಳು ಕತ್ತಲಲ್ಲೇ ಹೋಗಿ ಅವಳ ಜಡೆ ಹಾಕಿ, ಮೈ ಒರೆಸಿ, ರಾತ್ರಿಯ ಬಕೆಟ್ಟು ಚೆಲ್ಲಿ, ಕುಡಿಯುವ ನೀರು ತುಂಬಿಸಿ, ದಿನಕ್ಕಾಗುವಷ್ಟು ಬ್ರೆಡ್ಡು ಇಟ್ಟು, ಮತ್ತೆ ಬೀಗ ಹಾಕಿ ಓಡಿ ಬರುತ್ತಿದ್ದಳು. ಒಂದು ಕೈ ಪಟ್ಟಿಯಲ್ಲಿದ್ದವಳಿಗೆ ಎಷ್ಟು ಬೇಗ ಮಾಡಿದರೂ ತಡವೇ. ಹಾಗಾಗಿ ಎರಡನೆಯ ಸುತ್ತಿನ ಇಟ್ಟಿಗೆಗಳೂ ತಡವಾಗುತ್ತಿದ್ದವು.

ಯಾರಿಗೂ ಗೊತ್ತಾಗದು ಎಂದುಕೊಂಡಿದ್ದಳು. ಮೊಲದ ಮರಿಗೆ ಬಾಯಿಲ್ಲವಲ್ಲ.

ಗಂಡನ ಕೊಟ್ಟಿಗೆಯಲ್ಲಿ ಹಲವು ಬಣ್ಣದ ಮೊಲಗಳಿದ್ದವು. ಊದಿದರೆ ಕೂದಲೊಳಗೆ ಉಂಗುರ ಉಂಗುರವಾಗಿ ಬಣ್ಣ ತೆರೆದುಕೊಳ್ಳುವ ಕಂದು ಮೊಲಗಳು, ಮೈ ಅರ್ಧ ಕಪ್ಪು ಅರ್ಧ ಬಿಳುಪಾದವು, ಶಾಯಿ ಚಿಮುಕಿಸಿದಂತೆ ಚುಕ್ಕೆಯವು. ಆದರೆ ಅಂಗಡಿಯವರು ಹುಡುಕಿಕೊಂಡು ಬರುತ್ತಿದ್ದುದು ಮಸಿಮೂತಿಗಳಿಗಾಗಿ. ಮೈಯೆಲ್ಲ ಹತ್ತಿಯ ಬಿಳುಪು. ಮೂತಿ, ಕಿವಿ, ಪಾದ, ಬಾಲ ಮಾತ್ರ ಮಸಿ. ಈ ಜಾತಿಯ ಗುಟ್ಟು ಇರುವುದು ಬಿಸಿಯಲ್ಲಿ. ಬೆಚ್ಚಗಿರುವ ಕಡೆ ಕೂದಲು ಬೆಳ್ಳಗೆ ಬರುತ್ತದೆ. ಗಾಳಿಗೆ ತಣ್ಣಗಾಗುವ ತುದಿಗಳಲ್ಲಿ ಕಪ್ಪಾಗುತ್ತದೆ. ಕೂದಲು ಮೂಡುವ ದಿನಗಳಲ್ಲಿ ಮರಿಗೆ ಚಳಿ ಹೊಡೆದರೆ ಆ ಕಪ್ಪು ಬೂದಾಗಿ ಬೆನ್ನಿಗೂ ಏರುತ್ತದೆ. ಮುಂದೆ ಕೂದಲು ಉದುರಿ ಹೊಸದು ಬಂದಾಗ ಹೋಗುತ್ತದೆ ನಿಜ, ಆದರೆ ಅಲ್ಲಿಯವರೆಗೆ ಅಳಿಸಲಾಗದು. ಕೊಳ್ಳುವವರು, "ಎಂಥಾ ಬಿಳುಪು! ನಿಮ್ಮ ತಳಿಯೇ ತಳಿ," ಎಂದು ಗಂಡನ ಬೆನ್ನು ತಟ್ಟುತ್ತಿದ್ದರು. ಇಟ್ಟಿಗೆ ಹೊತ್ತು ಬೊಬ್ಬೆ ಎದ್ದ ಕೈಗಳಿಂದ ದೊಡ್ಡವಳು ಅವರ ಮುಂದೆ ಟೀ ಇಡುತ್ತಿದ್ದಳು.

ಬಾಗಿಲ ಪಕ್ಕದ ಗೂಡಿನಲ್ಲಿದ್ದದ್ದು ಚೊಚ್ಚಲ ತಾಯಿ. ಎದೆಯ ತುಪ್ಪಳ ಕಿತ್ತು ಮರಿಗಳಿಗೆ ಹೊದಿಸಬೇಕೆಂದು ಅದಕ್ಕೆ ಇನ್ನೂ ತಿಳಿಯದು. ಒಂದು ದಿನ ದೊಡ್ಡವಳು ಗೂಡಿಗೆ ಕೈ ಹಾಕಿ ಮರಿಯೊಂದನ್ನು ಬಲ್ಬಿನ ಬೆಳಕಿಗೆ ಎತ್ತಿದಳು. ಬೆನ್ನಿನ ಮೇಲೆ, ಯಾರೋ ಮಸಿಗೈ ಒರೆಸಿ ಹೋದ ಹಾಗೆ, ಬೂದು ಪಟ್ಟೆ. ಇನ್ನೊಂದನ್ನು ಎತ್ತಿದಳು. ಅದಕ್ಕೂ. ಗೂಡಿನಲ್ಲಿದ್ದ ಅಷ್ಟಕ್ಕೂ.

ಅವಳು ಬಾಗಿಲು ಮುಂದೆ ಮಾಡಿ, ಸೀಮೆಸುಣ್ಣ ಅರೆದು ಮರಿಗಳ ಬೆನ್ನಿಗೆ ತಿಕ್ಕಿದಳು. ಮರಿಗಳು ಸೀನಿದವು, ಮೈ ಕೊಡವಿದವು. ಸುಣ್ಣವೆಲ್ಲ ಅವಳ ಸೀರೆಗೆ ಬಂತು, ಪಟ್ಟೆ ಅಲ್ಲೇ ಉಳಿಯಿತು. ಗಂಡ ಮರಿಗಳನ್ನು ಕೈಗೆತ್ತಿ ನೋಡುವುದು ವಾರಕ್ಕೊಮ್ಮೆ. ಆ ದಿನ ಬರಲು ಇನ್ನೂ ಸ್ವಲ್ಪ ದಿನ ಇತ್ತು. ಅನ್ನ ಬಡಿಸುವಾಗ ಸೌಟು ತಟ್ಟೆಗೆ ಬಡಿದು ಸದ್ದಾದರೆ ತಾನೇ ಬೆಚ್ಚುತ್ತಿದ್ದಳು.

"ಏನತ್ತಿಗೆ, ಮೊಲದ ಜೊತೆ ಇದ್ದೂ ಇದ್ದೂ ಮೊಲದ ಹಾಗೇ ಆಗ್ತಿದ್ದೀರಲ್ಲ?" ಎಂದು ಮೈದುನ ನಕ್ಕ. "ಅವಾದ್ರೂ ವಾಸಿ, ಕೇಳಿದಾಗ ಗೂಡು ತುಂಬಿಸ್ತವೆ."

ಮಕ್ಕಳಿಲ್ಲದ ದೊಡ್ಡವಳು ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ನೋಡುವ ದಿನ ಬಂದೇ ಬಂತು. ಗಂಡ ಕಿಟಕಿಯ ಬಳಿ ಸ್ಟೂಲು ಎಳೆದುಕೊಂಡು ಒಂದೊಂದೇ ಗೂಡು ತರಿಸಿದ. ಅವನು ಕೂಗಾಡುವವನಲ್ಲ. ಕೂಗು, ಹೊಡೆತ ತಮ್ಮನ ಪಾಲು. ಅಣ್ಣ ಮೆತ್ತಗೆ ಮಾತಾಡಿ, ಎದುರಿಗಿದ್ದವರು ತಾವಾಗಿಯೇ ಬಾಯಿ ಬಿಡುವವರೆಗೂ ಕಾಯುವವನು. ಇಷ್ಟು ವರ್ಷಗಳಲ್ಲಿ ಅವಳಿಗೆ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ಚೆನ್ನಾಗಿ ತಿಳಿದಿತ್ತು.

ಕೊನೆಗೆ ಬಾಗಿಲ ಪಕ್ಕದ ಗೂಡು.

"ಇಲ್ಲಿ ಬಾ," ಎಂದ. "ಏನಿದು?"

"ಮಸಿ ತಾಗಿರ್ಬೇಕು ರೀ. ಇಟ್ಟಿಗೆ ಮುಟ್ಟಿದ ಕೈ..."

ಅವನು ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಮರಿಯ ಬೆನ್ನು ಉಜ್ಜಿದ. ಬೆರಳು ನೋಡಿಕೊಂಡ. ಆಮೇಲೆ ಮರಿಯನ್ನು ಮುಖದ ಹತ್ತಿರ ತಂದು ಮೆಲ್ಲಗೆ ಊದಿದ. ತುಪ್ಪಳ ಹೂವಿನ ಹಾಗೆ ಅರಳಿ ಬುಡದವರೆಗೂ ತೆರೆದುಕೊಂಡಿತು.

"ಮಸಿ ಆಗಿದ್ರೆ ಮೇಲಿರುತ್ತೆ. ಇದು ಕೂದಲ ಒಳಗಿದೆ. ನೋಡು, ತುದಿ ಬಿಳಿ. ಅಂದ್ರೆ ಶುರುವಿನಲ್ಲಿ ಬೆಚ್ಚಗಿತ್ತು. ಆಮೇಲಿಂದ ಬೂದು. ಬುಡದವರೆಗೂ ಬೂದು." ಮತ್ತೊಮ್ಮೆ ಊದಿದ. "ಒಂದು ದಿನ ಮೈಮರೆತು ಮಲಗಿದ್ರೆ ಇಷ್ಟು ಆಗಲ್ಲ. ದಿನಾ ಹೊಡೆದಿರೋ ಚಳಿ ಇದು. ನೀನೆಲ್ಲಿದ್ದೆ?"

ಕೊರಳ ದಾರ ರವಿಕೆಯ ಅಂಚಿನಲ್ಲಿ ಕಾಣುತ್ತಿದೆಯೇ ಎಂದು ನೋಡಿಕೊಳ್ಳುವ ಧೈರ್ಯವೂ ಅವಳಿಗೆ ಇರಲಿಲ್ಲ.

"ಇಟ್ಟಿಗೆ ನಾನು ತಗೊಂಡೆ ಕಣೋ," ಎಂದು ಬಾಗಿಲಿನಿಂದ ದನಿ ಬಂತು. ಅತ್ತೆ ಚೌಕಟ್ಟು ಹಿಡಿದು ನಿಂತಿದ್ದಳು. "ಮಂಡಿ ಸೆಳೀತಿತ್ತು. ಅವಳು ಕಾಯ್ಸಿಟ್ಟಿದ್ದನ್ನ ನಾನೇ ಹಾಸಿಗೆಗೆ ತಗೊಂಡು ಹೋಗ್ತಿದ್ದೆ."

"ಬಿಸಿನೀರಿನ ಚೀಲ ಇದೆಯಲ್ಲಮ್ಮಾ ನಿನಗೆ?"

"ತೂತಾಗಿದೆ."

"ಅಮ್ಮನ ಮಂಡೀಲೂ ಮರಿ ಬೆಳೀತಿರ್ಬೇಕು," ಎಂದು ಮೈದುನ ಹೊರಗಿನಿಂದ ನಕ್ಕ.

ಗಂಡ ನಗಲಿಲ್ಲ. ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಮರಿಯನ್ನು ಗೂಡಿಗೆ ಇಳಿಸಿದ. "ಆಗಲಿ. ನಾಳೆ ಬೆಳಗ್ಗೆ ನಾನೇ ಇಲ್ಲಿ ಬಂದು ಕೂತ್ಕೋತೀನಿ. ಚಳಿ ಎಲ್ಲಿಂದ ಬರುತ್ತೆ ನೋಡೇಬಿಡೋಣ."

ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ಕೂತಳು. ಯಾವತ್ತೂ ಮಾಡದ ಕೆಲಸ ಮಾಡಿದಳು: ಒಂದು ಲೋಟ ಎತ್ತಿ ಒರೆಸತೊಡಗಿದಳು.

"ಕೈ ಹೇಗಿದೆ ಅವಳ್ದು?"

ದೊಡ್ಡವಳ ಕೈಯಿಂದ ತಟ್ಟೆ ಜಾರಿ ನೀರಿಗೆ ಬಿತ್ತು. ಕೈಯ ಸುದ್ದಿ ಈ ಮನೆಯಲ್ಲಿ ಯಾರೂ ಆಡಿರಲಿಲ್ಲ. ಹಾಗಾದರೆ ಆ ಸಂಜೆ ಅತ್ತೆ ನೋಡಿದ್ದಳು. ನೋಡಿಯೂ ಸುಮ್ಮನಿದ್ದಳು.

"ಯಾರ ಕೈ, ಅತ್ತೆ?"

"ನಾಟಕ ಆಡ್ಬೇಡ. ಎಲ್ಲಿಗೆ ಹೋಗ್ತೀಯ ಅಂತ ನಾನು ಕೇಳಿದ್ನಾ? ನಾಳೆ ಅವನು ಕೊಟ್ಟಿಗೇಲಿ ಕೂತಿರ್ತಾನೆ, ನೀನು ಕದಲೋ ಹಾಗಿಲ್ಲ. ನಾನಾದ್ರೆ ದಿನಾ ಹಾಲು ತರೋಕೆ ಹೋಗೋಳು, ಯಾರೂ ತಿರುಗಿ ನೋಡಲ್ಲ." ಮುದುಕಿ ಒದ್ದೆ ಅಂಗೈ ಚಾಚಿದಳು. "ಕೊರಳಲ್ಲಿರೋದನ್ನ ಕೊಡು. ನಾನು ಹೋಗಿ ನೋಡ್ಕೊಂಡು ಬರ್ತೀನಿ."

ಮಧ್ಯಾಹ್ನವಷ್ಟೇ ಇದೇ ಅತ್ತೆ ಜಗಲಿಯಲ್ಲಿ ಕಿರಿಮಗನ ತಲೆಗೆ ಎಣ್ಣೆ ತಿಕ್ಕುತ್ತ ಅವನ ಕಿವಿಯಲ್ಲಿ ಏನೋ ಪಿಸುಗುಟ್ಟಿದ್ದಳು. ಇದು ಕರುಣೆಯೋ, ಮಗನಿಗಾಗಿ ಹಾಕಿದ ಗಾಳವೋ? ಮುಖ ನೋಡಿ ಹೇಳಲಾಗದು. ಈ ಮನೆಯಲ್ಲಿ ಬಾಳಿದ ಹೆಂಗಸಿನ ಮುಖದಲ್ಲಿ ಏನೂ ಕಾಣದಂತೆ ಅಭ್ಯಾಸವಾಗಿರುತ್ತದೆ. ತನ್ನದೂ ಹಾಗೇ ಆಗಿರಬೇಕು.

"ಬೆಳಗ್ಗೆ ಕೊಡ್ತೀನಿ, ಅತ್ತೆ," ಎಂದಳು.

ಮಲಗಿದಾಗ ಅವಳ ತಲೆಯಲ್ಲಿ ಎರಡು ಚಿತ್ರ. ಬೀಗದ ಕೈ ಕೊಟ್ಟರೆ, ಬಾಗಿಲು ತೆರೆಯುವ ಸದ್ದಿಗೆ ಅಕ್ಕ ಬಂದಳೆಂದು ಚಿಕ್ಕವಳು ಜಡೆ ಬಿಚ್ಚಿಕೊಂಡು ಕೂರುತ್ತಾಳೆ. ಬಾಗಿಲಲ್ಲಿ ಅತ್ತೆ ಒಬ್ಬಳೇ ಇರಬಹುದು, ಹಿಂದೆ ಮೈದುನನೂ ಇರಬಹುದು. ಕೊಡದಿದ್ದರೆ, ಖಾಲಿ ಬಿಂದಿಗೆಯ ಪಕ್ಕ ಅವಳು ಒಳಗೇ ಸೆರೆ. ಕೂಗುವ ಹಾಗೂ ಇಲ್ಲ, ಕೂಗಿದರೆ ಕೆಳಗೆ ಟೀ ಅಂಗಡಿಯಲ್ಲಿ ಅವನಿರುತ್ತಾನೆ.

ಬೆಳಗ್ಗೆ ಗಂಡ ಹೇಳಿದ ಮಾತಿನಂತೆ ಎದ್ದ. ಕಂಬಳಿ ಹೊದ್ದು ಕೊಟ್ಟಿಗೆಯ ಸ್ಟೂಲಿನ ಮೇಲೆ ಕೂತ. ಕಾವಲು ಕೂತವನಿಗೆ ಮೊದಲು ಟೀ ಬೇಕಾಯಿತು, ಆಮೇಲೆ ಕಾಲಿಗೊಂದು ಇಟ್ಟಿಗೆ ಬೇಕಾಯಿತು. ಅವಳು ಅವನ ಕಣ್ಣೆದುರಲ್ಲೇ ಮೊದಲ ಸುತ್ತು ಮುಗಿಸಿದಳು. ಅವನು ಅವಳ ಕೈಗಳನ್ನೇ ನೋಡುತ್ತ ಕೂತಿದ್ದ.

"ಎರಡನೇದು ಯಾವಾಗ?" ಎಂದ.

"ಕಾಯ್ಬೇಕಲ್ಲ ರೀ. ಕಾಯ್ಸಿಕೊಂಡು ಬರ್ತೀನಿ."

"ಇಲ್ಲೇ ಇರ್ತೀನಿ."

ಅಡುಗೆಮನೆಯಲ್ಲಿ ಅತ್ತೆ ಹೊರಡಲು ಸಿದ್ಧಳಾಗಿ ನಿಂತಿದ್ದಳು. ತಲೆತುಂಬ ಹೊದ್ದ ಶಾಲು, ಕೈಯಲ್ಲಿ ಹಾಲಿನ ಕ್ಯಾನು. ಇನ್ನೊಂದು ಕೈ ನಿನ್ನೆಯಂತೆಯೇ ಚಾಚಿತು. "ತಾ."

ದೊಡ್ಡವಳು ಕೊರಳಿಗೆ ಕೈ ಒಯ್ದಳು. ದಾರ ಬೆರಳಿಗೆ ಸಿಕ್ಕಿತು. ಈ ಹೆಂಗಸು ಆ ಸಂಜೆ ಬಾಗಿಲ ಆಚೆ ನಿಂತು ನೋಡಿದ್ದಳು, ಚೀರಾಟ ಕೇಳಿದ್ದಳು, ಕೈಗೆಟುಕುವ ಬಾಗಿಲನ್ನು ತೆರೆದಿರಲಿಲ್ಲ. ದೊಡ್ಡವಳು ದಾರ ಬಿಟ್ಟಳು. ಅತ್ತೆಯ ಮೈಮೇಲಿನ ಶಾಲನ್ನು ಮೆಲ್ಲಗೆ ಎಳೆದುಕೊಂಡು ತಾನು ಹೊದ್ದಳು. ಕ್ಯಾನನ್ನೂ ತೆಗೆದುಕೊಂಡಳು.

"ಏನೇ ಇದು?"

"ಹಾಲು ನಾನು ತರ್ತೀನಿ. ನೀವು ಒಲೆ ಮುಂದೆ ಕೂತು ಇಟ್ಟಿಗೆ ಸದ್ದು ಮಾಡ್ತಿರಿ, ಅತ್ತೆ. ಆಮೇಲೆ ಹೊತ್ಕೊಂಡು ಹೋಗಿ ಅವರ ಕೈಗೇ ಕೊಡಿ. ಹೇಗೂ ಎದ್ದಿದ್ದಾರೆ, ಅವರೇ ಇಡಲಿ."

ಮುದುಕಿ ಒಂದು ಕೂಗು ಹಾಕಿದರೆ ಸಾಕು. ದೊಡ್ಡವಳು ಆ ಕೂಗಿಗೆ ಕಾಯದೆ, ಮಂಡಿ ನೋವಿನವರಂತೆ ಕಾಲೆಳೆಯುತ್ತ ಹಿತ್ತಲಿಗೆ ಇಳಿದಳು. ಕೊಟ್ಟಿಗೆಯ ಕಿಟಕಿಯಲ್ಲಿ ಗಂಡನ ತಲೆ ಇತ್ತ ತಿರುಗಿತು.

"ಅಮ್ಮಾ, ಜಾರುತ್ತೆ, ಹುಷಾರು."

ಶಾಲಿನೊಳಗಿನಿಂದ "ಹ್ಞೂಂ" ಎಂದಳು. ಆ ಹ್ಞೂಂಕಾರ ಅತ್ತೆಯದರಂತೆ ಇತ್ತೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಹಿಂದೆ ಅಡುಗೆಮನೆಯಿಂದ ಇಟ್ಟಿಗೆಗೆ ಇಟ್ಟಿಗೆ ತಾಗುವ ಟಕ್ ಎಂಬ ಸಪ್ಪಳ ಬಂತು. ಆಮೇಲೆ ಸುಮ್ಮನಾಯಿತು. ಅವಳು ಹೆಜ್ಜೆ ಎತ್ತಿಟ್ಟಲ್ಲೇ ನಿಂತಳು. ಮತ್ತೆ ಟಕ್.

ಓಣಿಯ ಮೂಲೆಯಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಹಾಲಿನ ಅಂಗಡಿ, ಬಲಕ್ಕೆ ಇಸ್ತ್ರಿ ಅಂಗಡಿ, ಅದರಾಚೆ ಬಸ್ ನಿಲ್ದಾಣ. ಇನ್ನು ಸ್ವಲ್ಪ ಹೊತ್ತಿಗೆ ಇಟ್ಟಿಗೆ ಹೊತ್ತು ಕೊಟ್ಟಿಗೆಗೆ ಅತ್ತೆ ಹೋಗುತ್ತಾಳೆ. ಹಾಲಿಗೆ ಹೋದವಳು ಯಾರೆಂದು ಗಂಡನಿಗೆ ತಿಳಿಯುತ್ತದೆ. ಈಗಲೇ ಹಾಲು ತುಂಬಿಸಿಕೊಂಡು ತಿರುಗಿದರೆ ಅಷ್ಟರೊಳಗೆ ಮನೆ ಸೇರಬಹುದು. ತಂಗಿಗೆ ನೀರು ಕೊಟ್ಟು ತಿರುಗಿದರೆ ಆಗದು. ತಂಗಿಯೊಬ್ಬಳನ್ನೇ ಬಸ್ಸು ಹತ್ತಿಸಿ ತಿರುಗಿದರೆ, ಸ್ಟೂಲಿನ ಮೇಲೆ ಅವನು ಕಾಯುತ್ತಿರುತ್ತಾನೆ, ಮೆತ್ತಗಿನ ದನಿಯಲ್ಲಿ ಒಂದೊಂದೇ ಕೇಳುತ್ತಾನೆ. ಇಸ್ತ್ರಿಯವಳ ಅಕ್ಕ ಯಾವ ಊರಿನಲ್ಲಿದ್ದಾಳೆಂದು ಇವಳಿಗೆ ಗೊತ್ತು. ಎಷ್ಟು ದಿನ ಬಾಯಿ ಬಿಡದೆ ಇರಬಲ್ಲಳು ಎಂಬುದೂ ಗೊತ್ತು.

ಅವಳು ಖಾಲಿ ಕ್ಯಾನನ್ನು ಯಾರದೋ ಮನೆಯ ಮೆಟ್ಟಿಲ ಮೇಲಿಟ್ಟಳು. ಚಿಕ್ಕವಳ ಜೊತೆ ತಾನೂ ಬಸ್ಸು ಹತ್ತುವುದೆಂದು ಗಟ್ಟಿಮಾಡಿಕೊಂಡು, ಬಲಕ್ಕೆ ತಿರುಗಿದಳು.