ಮೇಸ್ತ್ರಿಯ ಹೆಂಡತಿ ಒಲೆ ಹಚ್ಚದೆ ಮಾಡಿದ್ದು

ಬೇಕರಿಯ ಹಿಂಬದಿಯ ಕೋಣೆಯಲ್ಲಿ, ಭಟ್ಟಿಯ ಮುಂದೆ ನಿಂತೇ ಅರ್ಧ ಆಯುಷ್ಯ ಕಳೆದ ಅವನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮುಂಗೈ ಮೇಲಿನ ಕೂದಲು ಎಂದೋ ಸುಟ್ಟುಹೋಗಿತ್ತು. ಭಟ್ಟಿಯ ಬಾಗಿಲು ತೆರೆಯದೆ, ಬರೀ ವಾಸನೆಯಿಂದಲೇ ಕೇಕು ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದ. ಮನೆಯಲ್ಲೂ ಅದೇ ಗತ್ತು. ಸಂಜೆ ಅವನು ಕಾಗದದ ಪೊಟ್ಟಣ ಹಿಡಿದು ಬಂದರೆ ಅವನ ತಾಯಿ ಬಾಗಿಲಲ್ಲೇ ಕೈ ಚಾಚುತ್ತಿದ್ದಳು.

ಆ ತಾಯಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತು. ಡಾಕ್ಟರು ಕೇಕು, ಬಿಸ್ಕತ್ತು ಎಲ್ಲ ಬಂದ್ ಎಂದುಬಿಟ್ಟರು. ಮುದುಕಿ ಮಗುವಿನ ಹಾಗೆ ಮುಖ ಊದಿಸಿಕೊಂಡು ಕೂತಳು. ಮೇಸ್ತ್ರಿಯ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅತ್ತೆಯ ಕೊರಗು ನೋಡಲಾರದೆ ಒಂದು ಮಧ್ಯಾಹ್ನ ಹೊಲಿಗೆ ಯಂತ್ರ ಬದಿಗಿಟ್ಟು ಎದ್ದಳು. ಓಟ್ಸ್, ಬಾದಾಮಿ, ಚೂರು ಕೋಕೋ ಪುಡಿ, ಅಂಟಿಗೆ ಬೇಕಾದಷ್ಟೇ ಖರ್ಜೂರ ಸೇರಿಸಿ ಮಿಕ್ಸಿಯಲ್ಲಿ ತಿರುವಿದಳು. ಅಂಗೈಯಲ್ಲಿ ಗೋಲಿಯಷ್ಟು ಪುಟ್ಟ ಉಂಡೆ ಕಟ್ಟಿ ಫ್ರಿಜ್ಜಿನಲ್ಲಿಟ್ಟಳು. ಸಕ್ಕರೆ ಇಲ್ಲ, ಬೆಂಕಿಯೂ ಇಲ್ಲ.

“ಖರ್ಜೂರಾನೂ ಸಿಹೀನೇ ಅತ್ತೆ, ಡಾಕ್ಟರನ್ನ ಕೇಳಿದೀನಿ. ದಿನಕ್ಕೆ ಒಂದೇ” ಎಂದು ಕೈಗೆ ಹಾಕಿದಳು.

ಮುದುಕಿ ಕಣ್ಣು ಮುಚ್ಚಿಕೊಂಡು ಚಪ್ಪರಿಸಿ, ಆಗಷ್ಟೇ ಮನೆಗೆ ಬಂದ ಮಗನತ್ತ ತಿರುಗಿದಳು. “ನೋಡೋ, ಹಲ್ಲಿಲ್ಲದ ಬಾಯಿಗೂ ಹಿತವಾಗಿದೆ. ನಿನ್ನ ಬಿಸ್ಕತ್ತು ಬರೀ ಒಸಡು ಚುಚ್ಚೋದು!”

ಆ ಮಾತು ಮೇಸ್ತ್ರಿಯ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಇಷ್ಟು ವರ್ಷ ಚುಚ್ಚದ ಬಿಸ್ಕತ್ತು ಈಗ ಒಸಡಿಗೆ ಚುಚ್ಚಿತೇ? “ಒಲೆ ಹಚ್ಚದೆ ಮಾಡಿದ್ದೂ ಒಂದು ತಿಂಡೀನಾ? ಮಣ್ಣು ಕಲಸಿದ ಹಾಗೆ” ಎಂದು ಮೂಗು ಮುರಿದು ಹೊರಗೆ ಹೋದ.

ಹೆಂಡತಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ರವಿಕೆ ಅಳತೆ ಕೊಡಲು ಬಂದವರಿಗೂ ತಟ್ಟೆ ಮುಂದಿಟ್ಟಳು. ಮೆಟ್ಟಿಲು ಹತ್ತಿ ಬರುವವರು ಬಟ್ಟೆಗಿಂತ ಮೊದಲು ಉಂಡೆಯ ವಿಚಾರ ತೆಗೆಯತೊಡಗಿದರು. ಪಕ್ಕದ ಮನೆಯಾಕೆಯಂತೂ ಮೇಸ್ತ್ರಿಯನ್ನು ನಿಲ್ಲಿಸಿಕೊಂಡು, “ಬಿಡಿ, ನಿಮ್ಮನೇಲಿ ಈಗ ಇಬ್ಬರು ಮೇಸ್ತ್ರಿಗಳು” ಎಂದು ನಕ್ಕಳು. ಅವನೂ ನಕ್ಕ. ಹೊಟ್ಟೆಯೊಳಗೆ ಮಾತ್ರ ಭಟ್ಟಿಗಿಂತ ಜೋರಾಗಿ ಉರಿಯುತ್ತಿತ್ತು.

ಒಂದು ದಿನ ಹೆಂಡತಿ ಅವನ ಊಟದ ಡಬ್ಬಿಯಲ್ಲೂ ಎರಡು ಉಂಡೆ ಇಟ್ಟಳು. ಅವನು ಮುಟ್ಟದೆ ಪಕ್ಕಕ್ಕೆ ಸರಿಸಿದ. ಬೇಕರಿಯ ಯಜಮಾನಿ ಅತ್ತ ಬಂದವಳು ಒಂದನ್ನು ಬಾಯಿಗೆ ಹಾಕಿಕೊಂಡು ನಿಂತಲ್ಲೇ ನಿಂತಳು.

“ಯಾರು ಮಾಡಿದ್ದು ಇದು?”

“ನಾನೇ” ಎಂದುಬಿಟ್ಟ ಮೇಸ್ತ್ರಿ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಜಾರಿಹೋಗಿತ್ತು.

“ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ? ಸೋಮವಾರಕ್ಕೆ ಒಂದು ತಟ್ಟೆ ಮಾಡಿ, ಗಾಜಿನ ಕಪಾಟಲ್ಲಿಡೋಣ.”

ಭಾನುವಾರ ಹೆಂಡತಿ ಅತ್ತೆಯನ್ನು ಕರೆದುಕೊಂಡು ನೆಂಟರ ಮನೆಗೆ ಹೋದದ್ದೇ ತಡ, ಮೇಸ್ತ್ರಿ ಅಡುಗೆಮನೆಗೆ ನುಗ್ಗಿದ. ಖರ್ಜೂರ ನೀರಲ್ಲಿ ನೆನೆಸಿದ, ಹೆಚ್ಚೇ ನೆನೆಯಿತು. ರುಬ್ಬಿದ್ದು ಗೋಂದಿನಂತೆ ಬೆರಳಿಗೆಲ್ಲ ಅಂಟಿಕೊಂಡಿತು. ಉಂಡೆ ಕಟ್ಟಿದರೆ ಚಪ್ಪಟೆಯಾಗಿ ಕೂರುತ್ತಿತ್ತು. ಕೊನೆಗೆ ತಾಳ್ಮೆ ಕೆಟ್ಟು, ತನಗೆ ಗೊತ್ತಿರುವ ದಾರಿ ಹಿಡಿದ: ಒಲೆ ಹಚ್ಚಿ ಬಾಣಲೆಗೆ ಸುರಿದ. ಅದು ತಳ ಹಿಡಿದು ಕಲ್ಲಾಯಿತು. ಹೆಂಡತಿ ಬಂದಾಗ ಅವನು ಬಾಣಲೆಯನ್ನು ಕರಕರ ಕೆರೆಯುತ್ತ ನಿಂತಿದ್ದ.

“ಯಜಮಾನಿಗೆ ಒಂದು ತಟ್ಟೆ ಬೇಕಂತೆ” ಎಂದ, ಮುಖ ಎತ್ತದೆ.

“ಅದಕ್ಕೆ ಇಷ್ಟು ಒದ್ದಾಟ ಯಾಕೆ? ನನಗೆ ಹೇಳಿದ್ರೆ ಆಗ್ತಿರಲಿಲ್ವಾ?” ಅವಳ ಮುಖ ಅರಳಿತು. ಬಾಣಲೆ ನೆನೆಯಲು ಹಾಕಿ, ಸೆರಗು ಸಿಕ್ಕಿಸಿಕೊಂಡು ಕೂತಳು. ಅದು ಯಾರ ಹೆಸರಲ್ಲಿ ಮಾರಾಟವಾಗುತ್ತದೆ ಎಂಬುದನ್ನು ಮಾತ್ರ ಅವನು ಹೇಳಲಿಲ್ಲ.

ಸೋಮವಾರ ತಟ್ಟೆ ಸಂಜೆಯೊಳಗೆ ಖಾಲಿ. ಮರುದಿನವೂ ಅದೇ. ಗಿರಾಕಿಗಳು ಇಣುಕಿ “ಮೇಸ್ತ್ರೀ, ಭಲೇ!” ಎನ್ನುತ್ತಿದ್ದರು. ಕದ್ದ ಹೊಗಳಿಕೆ ಅವನ ಮೈಗೆ ಹತ್ತಲಿಲ್ಲ. ತನ್ನ ಕೇಕಿಗೆ ಯಾರೂ ಇಷ್ಟು ಉದ್ದ ಮಾತಾಡಿರಲಿಲ್ಲವಲ್ಲ ಎಂದು ಉರಿ ಇನ್ನೂ ಹೆಚ್ಚಾಯಿತು.

ಆ ವಾರದಲ್ಲೇ ಒಂದು ದಿನ ಹೆಂಡತಿ, ಅವನು ಮರೆತು ಬಂದ ಊಟದ ಡಬ್ಬಿ ಹಿಡಿದು ಅಂಗಡಿಗೆ ಬಂದಳು. ಯಜಮಾನಿ ಅವಳ ಕೈ ಹಿಡಿದು, “ಎಂಥ ಗಂಡಾನಮ್ಮ ನಿನಗೆ! ಈ ಉಂಡೆ ಮಾಡೋಕೆ ಆ ಕೈಗೇ ಸಾಧ್ಯ” ಎಂದಳು.

ಅವಳು ಗಾಜಿನೊಳಗಿನ ತಟ್ಟೆ ನೋಡಿದಳು. ಭಟ್ಟಿಯ ಬಳಿ ಬೆವರುತ್ತಿದ್ದ ಗಂಡನನ್ನು ನೋಡಿದಳು. “ಕೇಕು ಇವರದ್ದು ಚೆನ್ನಾಗಿರುತ್ತೆ ಅಮ್ಮ. ಇದು ನಂದು” ಎಂದು ಡಬ್ಬಿ ಇಟ್ಟು ಹೊರಟಳು. ಯಜಮಾನಿ ಮೇಸ್ತ್ರಿಯತ್ತ ತಿರುಗಿದಳು, ಅವನು ಭಟ್ಟಿಯತ್ತ.

ಮನೆಯಲ್ಲಿ ಅವಳು ಕೂಗಾಡಲಿಲ್ಲ. ದಾರ ಪೋಣಿಸುತ್ತಲೇ ಕೇಳಿದಳು: “ನನ್ನ ಮೇಲೆ ಹೊಟ್ಟೆಕಿಚ್ಚಾ ನಿಮಗೆ?”

“ಹೂಂ. ಅಮ್ಮ ಕೂಡ ಈಗ ನಿನ್ನ ಮುಂದೇನೇ ಕೈ ಚಾಚ್ತಾಳೆ.”

ಅವಳು ದಾರ ಕೆಳಗಿಟ್ಟಳು. “ಮದುವೆ ಆದಾಗಿಂದ ನೀವು ತಂದಿದ್ದಕ್ಕೆ ಚಪ್ಪಾಳೆ, ನಾನು ಮಾಡಿದ್ದಕ್ಕೆ ಉಪ್ಪು ಕಮ್ಮಿ. ನನಗೆ ಹೇಗಿತ್ತು ಅಂತ ಯಾವತ್ತಾದ್ರೂ ಕೇಳಿದ್ರಾ? ನಿಮ್ಮ ಪೊಟ್ಟಣ ಕಂಡ್ರೆ ನನಗೂ ಮೈ ಉರೀತಿತ್ತು.”

ತನ್ನೊಬ್ಬನದೇ ಎಂದು ಅವನು ಅಂದುಕೊಂಡಿದ್ದ ಬೆಂಕಿ ಇದೇ ಮನೆಯಲ್ಲಿ ಅಷ್ಟು ವರ್ಷ ಸದ್ದಿಲ್ಲದೆ ಉರಿದಿತ್ತು. ಅವನು ಎದ್ದು, ಖರ್ಜೂರದ ಬೀಜ ಬಿಡಿಸಲು ಕೂತ. “ನೆನೆಸಬೇಡಿ ಮತ್ತೆ” ಎಂದಳು ಅವಳು.

ಯಜಮಾನಿ ಈಗ ವ್ಯವಹಾರವನ್ನೆಲ್ಲ ನೇರ ಅವಳೊಂದಿಗೇ ಮಾಡುತ್ತಾಳೆ. ತಟ್ಟೆ ಹೊತ್ತು ತರುವವನು ಮೇಸ್ತ್ರಿ. ಯಾರು ಮಾಡಿದ್ದೆಂದು ಕೇಳಿದವರಿಗೆ ಹೆಂಡತಿ ಎಂದೇ ಹೇಳುತ್ತಾನೆ, ಸ್ವಲ್ಪ ಗಂಟಲು ಸರಿಮಾಡಿಕೊಂಡು. ಉರಿ ಪೂರ್ತಿ ಆರಿಲ್ಲ. ಯಜಮಾನಿ ಅತ್ತ ತಿರುಗಿದಾಗ ಗಾಜಿನ ಕಪಾಟಲ್ಲಿ ತನ್ನ ಕೇಕಿನ ತಟ್ಟೆಯನ್ನು ಉಂಡೆಗಳಿಗಿಂತ ಒಂದಿಷ್ಟು ಮುಂದಕ್ಕೆ ತಳ್ಳುತ್ತಾನೆ. ಯಜಮಾನಿ ನೋಡಿ ಮತ್ತೆ ಹಿಂದಕ್ಕೆ ಸರಿಸುತ್ತಾಳೆ.