ಮೇಡಂ ಮಾಡಿಕೊಡದ ಇನ್ನೊಂದು ಪ್ರತಿ

ಹಳೆಯ ಕಂಪ್ಯೂಟರಿನ ಡಬ್ಬಿ ಬಿಚ್ಚಿದೊಡನೆ ಕಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಹಡಗಲಿಯಲ್ಲಿ ಕಂಪ್ಯೂಟರ್ ಪಾಠ ಹೇಳುವ ನನಗೆ ಈ ವಾಸನೆ ಹೊಸದೇನಲ್ಲ. ಆದರೂ ಅವತ್ತು ಕೈ ಅಲ್ಲೇ ನಿಂತಿತು... ಕೊಟ್ಟೂರಿನ ಕಾಲೇಜಿನ ನಮ್ಮ ಕಂಪ್ಯೂಟರ್ ಮೇಡಂ ನೆನಪಾದರು.

ನಾನು ಉಚ್ಚಂಗಿದುರ್ಗದ ಕುರಿಗಾರರ ಮಗಳು. "ಹಾಸ್ಟೆಲ್ ಸಿಕ್ಕರ ಓದು, ಇಲ್ಲಾಂದ್ರ ಮನ್ಯಾಗ ಕುಂದ್ರು" ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಆ ವರ್ಷ ಹಾಸ್ಟೆಲಿನ ಮಂಚ ಹಂಚುವುದಕ್ಕೆ ಮೇಡಂ ಜಾವಾದಲ್ಲಿ ವೆಬ್ ಪ್ರೋಗ್ರಾಂ ಬರೆದಿದ್ದರು. ಮೊದಲ ದಿನವೇ ಎಡವಟ್ಟು! ನನಗೂ ಇನ್ನೊಬ್ಬ ಹುಡುಗಿಗೂ ಒಂದೇ ಮಂಚ. ಇಬ್ಬರೂ ಟ್ರಂಕ್ ಹಿಡಿದು ಜಗಳಕ್ಕೆ ನಿಂತೆವು.

ಮೇಡಂ ನನ್ನನ್ನೇ ಕೇಳಿದರು: "ನಿಮ್ಮ ಕುರಿ ರೊಪ್ಪದ ಬಾಗಲದಾಗ ಎಣಿಸಾಕ ಎಷ್ಟ್ ಮಂದಿ ನಿಂದ್ರತೀರಿ?"

"ಒಬ್ರ ರೀ. ಉಳಿದೋರು ತುಟಿ ಪಿಟಕ್ ಅನ್ನಂಗಿಲ್ಲ."

"ನಾನಿಲ್ಲಿ ಬಂದೋರಿಗೆಲ್ಲ ಒಬ್ಬೊಬ್ಬ ಎಣಿಸೋನ್ನ ನಿಲ್ಲಿಸೀನಿ ನೋಡು. ಒಬ್ಬೊಬ್ಬ ಎಣಿಸೋನೂ ಎಲ್ಲಾ ಮಂಚ ಖಾಲಿ ಅದಾವ ಅಂತಾನ."

ಸಂಜೆಯೊಳಗೆ ತಿದ್ದಿದರು. ಸರ್ವರ್ ಶುರುವಾಗುವಾಗಲೇ, ಯಾರೂ ಮಂಚ ಕೇಳುವ ಮುಂಚೆಯೇ, ಲೆಕ್ಕ ಹಿಡಿಯುವ ಆಬ್ಜೆಕ್ಟ್, ಅಂದರೆ ಆ ಎಣಿಸುವವನು, ಒಂದೇ ಒಂದು ಹುಟ್ಟಬೇಕು. ಎಲ್ಲರೂ ಅದನ್ನೇ ಕೇಳಬೇಕು. ಇನ್ನೊಂದು ಹುಟ್ಟುವ ದಾರಿಯನ್ನೇ ಮುಚ್ಚಿಬಿಟ್ಟರು. ಆ ಮಂಚ ನನಗೆ ಬಂತು, ಆ ಹುಡುಗಿಗೆ ಪಕ್ಕದ್ದು.

ಮರುದಿನ ಕಾಲೇಜಿನ ಸೆಕ್ರೆಟರಿ ಬಂದರು. ತಮ್ಮ ಕಡೆಯವರಿಗೆ ಹಂಚಲು ತಮಗೆ ಆ ಲೆಕ್ಕದ ಆಬ್ಜೆಕ್ಟಿನದೇ ಬೇರೊಂದು ಪ್ರತಿ ಬೇಕಂತೆ. ಅಂದರೆ ನಮ್ಮ ಮಂಚಗಳೆಲ್ಲ ಅವರ ಪಾಲಿಗೆ ಮತ್ತೆ ಖಾಲಿ!

"ಮಾಡಾಕ ಬರ್ತೈತ್ರಿ," ಎಂದರು ಮೇಡಂ, "ಆದ್ರ ಮಾಡಂಗಿಲ್ಲ."

"ಮುಂದಿನ ವರ್ಷ ನೀವು ಇಲ್ಲಿ ಇರ್ತೀರೇನ್ರಿ?"

"ನಾ ಇರದಿದ್ರೂ ಈ ಹುಡುಗ್ಯಾರು ಇರ್ತಾರ್ರಿ."

ನಾನು ಬಾಗಿಲಲ್ಲೇ ಇದ್ದೆ. ಭಯವೂ ಆಗುತ್ತಿತ್ತು, ಖುಷಿಗೆ ಕುಣಿಯಬೇಕೆನಿಸುತ್ತಿತ್ತು.

ಮುಂದಿನ ವರ್ಷ ಅವರಿರಲಿಲ್ಲ. "ಆಕಿಗೆ ಕೆಲಸ ಬರ್ತಿರಲಿಲ್ಲ, ಅದಕ್ಕ ಬಿಡಿಸಿದ್ರು" ಎನ್ನುವವರು ಇವತ್ತಿಗೂ ಇದ್ದಾರೆ. ಬರುತ್ತಿರಲಿಲ್ಲವಂತೆ! ಅಂಥವರ ಬಾಯಿಗೆ ಮಣ್ಣು ಹಾಕ. ಹಾಗೆಂದವರ ಜೊತೆ ಮದುವೆಮನೆಯಲ್ಲೂ ಜಗಳ ತೆಗೆದಿದ್ದೇನೆ, ಮುಂದೆಯೂ ತೆಗೆಯುತ್ತೇನೆ.

ಆಮೇಲೆ ಎಷ್ಟು ಹುಡುಕಿದೆ... ಹರಪನಹಳ್ಳಿ ಅಂದರು, ದಾವಣಗೆರೆ ಅಂದರು. ಮನೆ ಸಿಕ್ಕಿದ್ದು ಹೋದ ತಿಂಗಳು. ಬಾಗಿಲು ತೆಗೆದವರು ಅವರ ತಂಗಿ. ಮೇಡಂ ತೀರಿಕೊಂಡು ವರ್ಷಗಳೇ ಆಗಿದ್ದವು.

"ಆ ಹುಡುಗ್ಯಾರು ಓದು ಮುಗಿಸಿದ್ರೋ ಇಲ್ಲೋ ಅಂತ ಕೊನಿತನಕ ಅಂತಿದ್ಳು ನೋಡ್ರಿ," ಎಂದರು.

"ಮುಗಿಸೀನ್ರಿ!" ಎಂದೆ, ಒಳಗೆ ಗೋಡೆಯ ಮೇಲಿದ್ದ ಫೋಟೋಕ್ಕೂ ಕೇಳುವಷ್ಟು ಜೋರಾಗಿ.